ಕುಂತು ಕೊಂಡವರು, ನಿಂತು ಕೊಂಡವರು

ಸುರಪುರ ಗುಡ್ಡದ ಊರು. ಬಜಾರದ ದಾರಿಗಳೆಲ್ಲ ಇಳಿಜಾರು. ಹೀಗಾಗಿ ಒಂದೇ ಸಾಲಿನ ಅಂಗಡಿಗಳಿಗೂ ಒಂದೇ ಎತ್ತರದ ಕಟ್ಟೆ ಇರುತ್ತಿರಲಿಲ್ಲ. ಮೇಲುತುದಿಯ ಅಂಗಡಿಗೆ ಒಂದು ಮೆಟ್ಟಿಲು ಸಾಕಾದರೆ ಕೆಳತುದಿಯದಕ್ಕೆ ಐದು ಬೇಕು. ಹುಡುಗರಾದ ನಮಗೆ ಅಂಗಡಿಗಳ ಹೆಸರಿಗಿಂತ ಮೆಟ್ಟಿಲಿನ ಲೆಕ್ಕವೇ ಗೊತ್ತು. “ಐದು ಮೆಟ್ಲಿನ್ಯಾಗ ಬೆಲ್ಲ ಛಲೋ ಇರ್ತದ, ಅಲ್ಲೇ ತಗೊಂಡ್ ಬಾ” ಎಂದು ಅವ್ವ ಚೀಲ ಕೈಗೆ ಕೊಡುತ್ತಿದ್ದಳು.

ಆ ಐದರಲ್ಲಿ ನಾವು ಎರಡು ಹತ್ತುತ್ತಿದ್ದೆವು. ಹಾಗೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅಪ್ಪ ಎರಡನೆಯ ಮೆಟ್ಟಿಲ ಮೇಲೆ ನಿಲ್ಲುತ್ತಿದ್ದ, ನಾನೂ ನಿಂತೆ. ಮಾಸ್ತರರು, ಗೌಡರು, ಕಚೇರಿಯ ಗುಮಾಸ್ತರು ಐದೂ ಹತ್ತಿ ಮೇಲೆ ಕೂಡುತ್ತಿದ್ದರು. ಅವರಿಗೆ ಚಾ ಬರುತ್ತಿತ್ತು. ದಲಿತ ಕೇರಿಯವರು ರಸ್ತೆಯ ಮೇಲೇ ನಿಂತು, ಮುಖ ಮೇಲೆತ್ತಿ ಸಾಮಾನು ಹೇಳುತ್ತಿದ್ದರು. ದುಡ್ಡನ್ನು ಕಟ್ಟೆಯ ಅಂಚಿಗೆ ಇಟ್ಟು ಹಿಂದೆ ಸರಿಯುತ್ತಿದ್ದರು. ಪುಡಿಕೆ ಮೇಲಿನಿಂದ ಅವರ ಉಡಿಗೆ ಬೀಳುತ್ತಿತ್ತು. ಇದು ಎಪ್ಪತ್ತರ ದಶಕದ ಮಾತು, ನಾನು ಕಣ್ಣಾರೆ ಕಂಡದ್ದು. 1950ರಲ್ಲಿ ಜಾರಿಗೆ ಬಂದ ಸಂವಿಧಾನದ 15ನೆಯ ವಿಧಿ ಅಂಗಡಿಯ ಹೆಸರನ್ನೇ ಎತ್ತಿ ಹೇಳುತ್ತದೆ: ಜಾತಿಯ ಕಾರಣಕ್ಕೆ ಯಾರನ್ನೂ ಅಂಗಡಿಗೆ ಬಾರದಂತೆ ತಡೆಯಕೂಡದು. ಬಾವಿ, ಕೆರೆ, ಸ್ನಾನಘಟ್ಟಗಳ ಜೊತೆಗೆ ಅಂಗಡಿಯನ್ನೂ ಬರೆದವರಿಗೆ ನಮ್ಮ ಬಜಾರದಂಥ ಬಜಾರಗಳು ಚೆನ್ನಾಗಿಯೇ ಗೊತ್ತಿದ್ದಿರಬೇಕು. ಆದರೆ ನಮ್ಮ ಸಾವುಕಾರ ಯಾರನ್ನೂ ಬಾಯಿಬಿಟ್ಟು ತಡೆದವನಲ್ಲ. ಆ ಕೆಲಸ ಅವನ ಕಟ್ಟೆ ಮಾಡುತ್ತಿತ್ತು.

ಅಂಗಡಿಯ ಒಳಗು ನನಗೆ ಗೊತ್ತಿದ್ದದ್ದು ಎರಡನೆಯ ಮೆಟ್ಟಿಲಿನಿಂದ ಕಾಣುವಷ್ಟೇ. ಬೆಳಗ್ಗೆ ಸಾವುಕಾರ ಅಂಕಿ ಹಾಕಿದ ಹಲಗೆ ಬಾಗಿಲುಗಳನ್ನು ಒಂದೊಂದಾಗಿ ಚೌಕಟ್ಟಿನಿಂದ ಕಿತ್ತು, ಅವನ್ನೇ ಕಟ್ಟೆಯ ಮೇಲೆ ಅಡ್ಡ ಹಾಕಿ ಬೆಂಚು ಮಾಡುತ್ತಿದ್ದ. ಮುಂದೆ ಬಾಯಿ ಮಡಚಿದ ಗೋಣಿಚೀಲಗಳಲ್ಲಿ ಬೇಳೆ, ಕಡಲೆ, ಜೋಳ. ಹಿಂದೆ ಕತ್ತಲಲ್ಲಿ ಬೆಲ್ಲದ ಪೆಂಟೆ, ಎಣ್ಣೆ ಡಬ್ಬಿ. ಚಿಮಣಿ ಎಣ್ಣೆಯ ಪೀಪಾಯಿ ಹೊರಗೆ, ಅದರ ವಾಸನೆ ಹಿಟ್ಟಿಗೆ ಹತ್ತಬಾರದೆಂದು. ಉಪ್ಪಿನ ಚೀಲವೂ ಹೊರಗೆ. ರಾತ್ರಿ ಸಹ ಅಲ್ಲೇ ಇರುತ್ತಿತ್ತು, ಯಾರೂ ಮುಟ್ಟುತ್ತಿರಲಿಲ್ಲ. ತಲೆಯ ಮೇಲೆ ದಾರದ ಉಂಡೆ ಜೋತಾಡುತ್ತಿತ್ತು, ಕೈಯೆತ್ತಿ ಎಳೆದರೆ ಪುಡಿಕೆಗೆ ದಾರ. ಕುಂತಲ್ಲಿಂದ ಕೈಗೆ ಎಟಕುವುದು ದಿನದ ಸಾಮಾನು, ಮೊಣಕಾಲೂರಿದರೆ ಎಟಕುವುದು ವಾರದ್ದು, ಎದ್ದು ಹೋಗಿ ತರಬೇಕಾದದ್ದು ಹಬ್ಬದ್ದು. ಇಡೀ ಅಂಗಡಿಯನ್ನು ಅವನ ಕೈಯ ಅಳತೆಗೆ ಕಟ್ಟಿದ್ದರು, ನಮ್ಮ ಕಣ್ಣಿನ ಅಳತೆಗಲ್ಲ. ಒಂದನ್ನು ಬಿಟ್ಟು. ಪೆಪ್ಪರಮಿಂಟಿನ ಗಾಜಿನ ಬರಣಿ ಎರಡನೆಯ ಮೆಟ್ಟಿಲಲ್ಲಿ ನಿಂತ ಹುಡುಗನ ಮೂಗಿನ ಸಮಕ್ಕೇ ಇತ್ತು. ಅದನ್ನು ಅಲ್ಲಿಡಲು ಅವನಿಗೆ ಯಾರು ಕಲಿಸಿದ್ದರೋ!

1986ರ ಬೇಸಿಗೆಯಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ ಮುಗಿಸಿ ಶಹಾಪುರದ ಒಂದು ಜವಳಿ ಅಂಗಡಿಗೆ ಸೇರಿದೆ. ಅಲ್ಲಿನ ಮುನೀಮರು ಅಪ್ಪನಿಗೆ ಪರಿಚಯ. ಲಗ್ನದ ಸೀಸನ್, ಕೆಲಸಕ್ಕೆ ಹುಡುಗರು ಸಾಲುತ್ತಿರಲಿಲ್ಲ. ಎರಡು ತಿಂಗಳೆಂದು ಹೋದವನು ಒಂಬತ್ತು ವರ್ಷ ಉಳಿದೆ.

ಮೊದಲ ದಿನ ಕೊಟ್ಟ ಕೆಲಸ ಚಪ್ಪಲಿಯದು. ಗಿರಾಕಿಗಳು ಮೆಟ್ಟಿಲ ಬುಡದಲ್ಲಿ ಬಿಟ್ಟ ಚಪ್ಪಲಿಗಳನ್ನು ಜೋಡಿ ಮಾಡಿ, ಬಿಸಿಲು ಸರಿದಂತೆ ನೆರಳಿಗೆ ಸರಿಸಬೇಕು. ಹಿರಿಯ ಗುಮಾಸ್ತರೊಬ್ಬರಿದ್ದರು, ಎಲ್ಲರೂ ಅವರನ್ನು ಕಾಕಾ ಎನ್ನುತ್ತಿದ್ದರು. “ಕಾದ ಚಪ್ಪಲಿ ಮೆಟ್ಟಿಸಿ ಕಳಿಸಿದ್ರ ಅವ್ರಿಗೆ ಸೀರಿ ನೆನಪಿರಂಗಿಲ್ಲ ತಮ್ಮಾ, ಸುಟ್ಟ ಕಾಲು ನೆನಪಿರ್ತದ” ಎಂದರು. ಅಂಗಡಿ ಹೇಗಿರಬೇಕೆಂಬುದನ್ನು ನಾನು ಕಲಿತದ್ದು ಅವರಿಂದ. ಬಿಲ್ಲು ಬರೆಯುವಷ್ಟು ಅಕ್ಷರ ಬಿಟ್ಟರೆ ಅವರಿಗೆ ಬೇರೆ ಓದಿರಲಿಲ್ಲ.

ನಮ್ಮ ಸೀಮೆಯ ಬೇಸಿಗೆ 42, 43 ಡಿಗ್ರಿ ಮುಟ್ಟುವಂಥದ್ದು. ಆ ಬಿಸಿಲಿನಿಂದ ಒಳಗೆ ಕಾಲಿಟ್ಟವರಿಗೆ ಸ್ವಲ್ಪ ಹೊತ್ತು ಕಣ್ಣಿಗೆ ಕತ್ತಲೆ. ಆಗ ಏನು ತೋರಿಸಿದರೂ ದಂಡ. ಹೊಸ ಹುಡುಗರು ಗಿರಾಕಿ ಬಂದ ಕೂಡಲೇ ಸೀರೆ ಬಿಚ್ಚಲು ಹೋದರೆ ಕಾಕಾ ಗದರುತ್ತಿದ್ದರು: “ಮೊದಲ ಕಣ್ಣು ಬರ್ಲಿ ತಡಿ.” ನೆಲಕ್ಕೆ ಶಹಾಬಾದಿನ ಪರಸಿಕಲ್ಲು ಹಾಸಿತ್ತು, ಬರಿಗಾಲಿಗೆ ತಣ್ಣಗಿರುತ್ತಿತ್ತು. ಮೂಲೆಯಲ್ಲಿ ರಂಜಣಗಿಯ ನೀರು. ನೀರು ಕುಡಿದು, ಮಳಿ ಬೆಳಿ ಮಾತಾಡಿ, ಸೆರಗಿನಿಂದ ಮುಖ ಒರೆಸಿಕೊಂಡು, ಕಣ್ಣು ಬಂದ ಮೇಲೆ ಗಾದಿಯ ಮೇಲೆ ಮೊದಲ ಸೀರೆ ಬೀಳುತ್ತಿತ್ತು.

ಗಾದಿ ಎಂದರೆ ಆ ಕೋಣೆಯ ಉದ್ದಗಲಕ್ಕೂ ಹಾಸಿದ ಹತ್ತಿ ಹಾಸಿಗೆ, ಮೇಲೆ ಬಿಳಿ ಚಾದರ, ಗೋಡೆಗುಂಟ ಲೋಡು. ನಮ್ಮ ಕಡೆ ಗಾದಿ ಎಂಬ ಒಂದೇ ಮಾತು ಮಲಗುವ ಹಾಸಿಗೆಗೂ ಆಗುತ್ತದೆ, ಸಾವುಕಾರನ ಕೂಡುವ ಜಾಗಕ್ಕೂ ಆಗುತ್ತದೆ, ಅರಸನ ಪಟ್ಟಕ್ಕೂ ಆಗುತ್ತದೆ. ಸುರಪುರದ ನಾಯಕರ ಗಾದಿ 1858ರ ಬಂಡಾಯದಲ್ಲಿ ರಾಜಾ ವೆಂಕಟಪ್ಪ ನಾಯಕರೊಂದಿಗೆ ಮುಗಿಯಿತು, 1860ರಲ್ಲಿ ಸಂಸ್ಥಾನ ನಿಜಾಮನ ಪಾಲಾಯಿತು. ದರಬಾರು ಹೋದರೂ, ಎಲ್ಲಿ ಯಾರು ಕೂಡಬೇಕು ಎಂಬ ದರಬಾರಿನ ಲೆಕ್ಕ ಜವಳಿ ಅಂಗಡಿಗಳಲ್ಲಿ ಉಳಿದುಕೊಂಡಿತು ಎಂದು ನನಗೆ ಆಮೇಲೆ ಅನಿಸಿತು. ಗಲ್ಲಾ ಪೆಟ್ಟಿಗೆಯ ಮುಂದೆ ಸಾವುಕಾರ, ಬಾಗಿಲ ಮಗ್ಗುಲಿಗೆ. ರಸ್ತೆಯೂ ಕಾಣಬೇಕು, ಕಪಾಟುಗಳೂ ಕಾಣಬೇಕು. ಗಂಡಸರು ಅವನ ಹತ್ತಿರ. ಹೆಂಗಸರು ಒಳಗೆ, ಗೋಡೆಗೆ ಬೆನ್ನು ಕೊಟ್ಟು. ಹೆಂಗಸರ ಬೆನ್ನ ಹಿಂದೆ ಯಾರೂ ಓಡಾಡುವಂತಿರಬಾರದು ಎಂಬುದು ಕಾಕಾರ ಕಟ್ಟಪ್ಪಣೆ. “ಬೆನ್ನಿಗೆ ಗ್ವಾಡಿ ಇದ್ರ ಅವ್ರು ಮನಿಯಾಗ ಕುಂತಂಗ ಕುಂದರ್ತಾರ.”

ಮದುವೆ ಜವಳಿಗೆಂದು ಹದಿನೈದಿಪ್ಪತ್ತು ಜನ ಟ್ರ್ಯಾಕ್ಟರ್ ಹತ್ತಿ ಬರುತ್ತಿದ್ದರು. ಕಾಕಾ ಒಮ್ಮೆ ಎಲ್ಲರ ಮುಖ ನೋಡಿ, ಯಾರೋ ಒಬ್ಬ ಅಜ್ಜಿಯನ್ನು ಬೆಳಕು ಬೀಳುವ ಜಾಗಕ್ಕೆ ಕರೆಯುತ್ತಿದ್ದರು: “ಆಯಿ, ನೀ ಇಲ್ಲಿ ಬಾ, ಇಲ್ಲಿ ಗಾಳಿ ಬರ್ತದ.” ಗಾಳಿಯ ಮಾತು ನೆಪ. ಹೆಚ್ಚು ಮಾತಾಡುವವರು ಒಬ್ಬರು, ಹೂಂ ಅನ್ನುವವರು ಇನ್ನೊಬ್ಬರು. ಹೂಂ ಅನ್ನುವವರ ಕಣ್ಣಿಗೆ ಬಣ್ಣ ಕಾಣಬೇಕು. ಕಾಕಾ ಆರಿಸಿದ ಅಜ್ಜಿ ತಪ್ಪಿದ್ದನ್ನು ನಾನು ಕಂಡಿಲ್ಲ.

ಬಿಚ್ಚಿದ ಸೀರೆಗಳನ್ನು ಗಿರಾಕಿ ಇರುವಾಗ ಮಡಚುವಂತಿರಲಿಲ್ಲ. ಮೊದಮೊದಲು ಇದು ನನಗೆ ಸೋಮಾರಿತನದಂತೆ ಕಂಡಿತ್ತು. ಇಳಕಲ್ ಸೀರೆ, ಜಂಪರ್ ಖಣ, ಧೋತರ, ರುಮಾಲು ಎಲ್ಲ ಗುಡ್ಡೆ ಬಿದ್ದು ಗಾದಿ ಕಾಣದಂತಾದಾಗ ಮನೆಯ ಹಿರಿಯ ಆ ಗುಡ್ಡೆ ನೋಡಿ, “ಪಾಪ, ಇಷ್ಟು ತಗದ್ಯಾರ, ಸುಮ್ನ ಎದ್ದು ಹೋಗೂದು ಹ್ಯಾಂಗ?” ಎನ್ನುತ್ತಿದ್ದ. ಆ ಮಾತಿಗಾಗಿಯೇ ಗುಡ್ಡೆ. ಅದು ಮೋಸವೇ? ಇರಬಹುದು. ಆದರೆ ಅದೇ ಕಾಕಾ ದಾಳಿಂಬೆ ಕೆಂಪಿನ ಸೀರೆಯನ್ನು ಟ್ಯೂಬ್‌ಲೈಟಿನ ಕೆಳಗೆ ಒಪ್ಪಿದವರನ್ನು ಎಬ್ಬಿಸಿ, ಸೀರೆಯನ್ನು ನನ್ನ ಹೆಗಲಿಗೆ ಹಾಕಿ, ಕಟ್ಟೆಗೆ ಕಳಿಸಿ ಬಿಸಿಲಲ್ಲಿ ತೋರಿಸುತ್ತಿದ್ದರು. ಲೈಟಿನಲ್ಲಿ ಕಂಡ ಬಣ್ಣ ಮನೆಯಲ್ಲಿ ಬೇರೆಯಾದರೆ ಮುಂದಿನ ಮದುವೆಗೆ ಆ ಊರಿನವರು ಬೇರೆ ಅಂಗಡಿ ಹತ್ತುತ್ತಾರೆ. ಹೀಗೆ ಒಂದು ಮಧ್ಯಾಹ್ನದಲ್ಲಿ ಒಂದು ಸುಳ್ಳೂ ಒಂದು ನಿಜವೂ ಒಂದೇ ಕೈಯಿಂದ ನಡೆಯುತ್ತಿದ್ದವು.

ಇನ್ನೊಂದು ಸುಳ್ಳಿತ್ತು. ಕೆಲವು ಗಿರಾಕಿಗಳು ಮೆಟ್ಟಿಲು ಹತ್ತುತ್ತಿದ್ದಂತೆ ಕಾಕಾ ಲಗುಬಗೆಯಿಂದ ಒಂದು ಜಮಖಾನ ತೆಗೆದು ಬಾಗಿಲಲ್ಲೇ ಹಾಸುತ್ತಿದ್ದರು. “ಇಲ್ಲೇ ಕುಂದರ್ರಿ, ಇಲ್ಲಿ ಬೆಳಕು ಛಲೋ ಅದ.” ನಿಜಕ್ಕೂ ಬಾಗಿಲಲ್ಲಿ ಬೆಳಕು ಚೆನ್ನಾಗಿತ್ತು. ಮೂರು ತಿಂಗಳು ಅದನ್ನು ಬೆಳಕಿನ ವಿಷಯವೆಂದೇ ನಾನು ತಿಳಿದಿದ್ದೆ. ಒಂದು ದಿನ ಮಗಳ ಮದುವೆಗೆ ಜವಳಿ ತೆಗೆಯಲು ಬಂದ ಮುದುಕರೊಬ್ಬರು ಜಮಖಾನ ನೋಡಿದರು, ಒಳಗಿನ ಬಿಳಿ ಗಾದಿ ನೋಡಿದರು, ಕೂಡಲಿಲ್ಲ. “ನಮ್ಮ ರೊಕ್ಕಕ್ಕೂ ಇಲ್ಲೇ ಬೆಳಕು ಛಲೋ ಅದ ಏನ್ರಿ?” ಎಂದರು. ದನಿ ಏರಿಸಲಿಲ್ಲ. ಮನೆಯವರನ್ನೆಲ್ಲ ಕರೆದುಕೊಂಡು ಮೆಟ್ಟಿಲಿಳಿದು ಎದುರಿನ ಹೊಸ ಅಂಗಡಿಗೆ ಹೋದರು. ಅಲ್ಲಿ ಗಾದಿ ಇರಲಿಲ್ಲ, ಗಾಜಿನ ಕೌಂಟರ್ ಇತ್ತು. ಎಲ್ಲರೂ ನಿಂತೇ ಕೊಳ್ಳಬೇಕು. ಕಾಕಾ ಜಮಖಾನ ಸುತ್ತಿಟ್ಟರು. ಆ ದಿನ ಸಂಜೆಯವರೆಗೆ ಅವರು ಯಾರೊಂದಿಗೂ ಮಾತಾಡಲಿಲ್ಲ.

ಗಾಜಿನ ಕೌಂಟರು ನಮ್ಮ ಕಡೆ ಬಂದದ್ದನ್ನು ನಾನು ಯಾವಾಗಲೂ ಕಾಲುವೆಯ ಜೊತೆ ಸೇರಿಸಿ ನೆನೆಯುತ್ತೇನೆ. ನಾರಾಯಣಪುರದಲ್ಲಿ ಕೃಷ್ಣೆಗೆ ಬಸವಸಾಗರ ಅಣೆಕಟ್ಟು ಕಟ್ಟಿ, ಎಡದಂಡೆ ಕಾಲುವೆಯ ನೀರು ಸುರಪುರ, ಶಹಾಪುರದ ಹೊಲಗಳಿಗೆ ಹರಿಯತೊಡಗಿದ ಮೇಲೆ ಜೋಳ, ಸಜ್ಜೆಯ ನೆಲದಲ್ಲಿ ಬತ್ತ ಕಂಡಿತು, ಹತ್ತಿ ಹೆಚ್ಚಿತು. ಆಂಧ್ರದಿಂದ ಬಂದ ರೈತರ ಕ್ಯಾಂಪುಗಳು ಎದ್ದವು. ಅವರಿಗೆ ಗಾದಿಯ ಮೇಲೆ ಅರ್ಧ ದಿನ ಕೂತು ಚಾ ಕುಡಿದು ಸೀರೆ ಕೊಳ್ಳುವ ಪುರುಸೊತ್ತಾಗಲಿ, ನಮ್ಮ ಸಾವುಕಾರರ ಅಜ್ಜ ಮುತ್ತಜ್ಜರ ಪರಿಚಯವಾಗಲಿ ಇರಲಿಲ್ಲ. ಕಪಾಟಿಗೆ ಗಾಜು ಬಂತು. ಶೋಕೇಸಿನಲ್ಲಿ ಸೀರೆ ಉಟ್ಟ ಗೊಂಬೆ ನಿಂತಿತು. ಪಡುವಲಿಗೆ ಮುಖ ಮಾಡಿದ ಅಂಗಡಿಗಳಲ್ಲಿ ಆ ಸೀರೆ ಎರಡೇ ತಿಂಗಳಿಗೆ ಬಿಸಿಲಿಗೆ ಬಣ್ಣ ಬಿಡುತ್ತಿತ್ತು, ಅದನ್ನು ಆಮೇಲೆ ಕೆಲಸದ ಹುಡುಗರಿಗೆ ಹಬ್ಬಕ್ಕೆ ಕೊಡುತ್ತಿದ್ದರು. ನಮ್ಮ ಅವ್ವ ಅಂಥ ಎರಡು ಉಟ್ಟಳು. ನಮ್ಮ ಅಂಗಡಿಯಲ್ಲೂ ಗಾದಿ ಮಹಡಿಗೆ ಹೋಯಿತು, ಮದುವೆ ಗಿರಾಕಿಗೆ ಮಾತ್ರ. ಕೆಳಗೆ ನಿಂತು ಕೊಳ್ಳುವವರು. ನಿಂತವರು ಬೇಗ ತೀರ್ಮಾನಿಸುತ್ತಾರೆ, ಬೇಗ ಹೋಗುತ್ತಾರೆ, ಅದೇ ಜಾಗದಲ್ಲಿ ಎರಡರಷ್ಟು ಜನ ಹಿಡಿಸುತ್ತಾರೆ. ಸಾವುಕಾರನಿಗೆ ಲಾಭ. ಮೊಣಕಾಲು ನೋವಿನ ಅಜ್ಜಿಯರು ಬರುವುದು ಕಡಿಮೆಯಾಯಿತು. ಅವರ ಸೀರೆಯನ್ನು ಮಕ್ಕಳೇ ಆರಿಸತೊಡಗಿದರು. ಅದಕ್ಕೆ ನನಗೆ ಬೇಸರವಿದೆ. ಜಮಖಾನ ಹೋದದ್ದಕ್ಕೆ ಇಲ್ಲ.

1995ರಲ್ಲಿ ಕೆಲಸ ಬಿಟ್ಟು ಯಾದಗಿರಿಗೆ ಬಂದು ಕಿರಾಣಿ ಅಂಗಡಿ ಹಾಕಿದೆ. ರೈಲು ನಿಲ್ಲುವ ಊರು, ದಿನವೂ ಹೊಸ ಮುಖ. ಹತ್ತಡಿ ಅಗಲದ ಬಾಡಿಗೆ ಜಾಗ, ಮುಂದೆ ಕೌಂಟರ್, ಹಿಂದೆ ನಾನು. “ಇಂದು ನಗದು, ನಾಳೆ ಉದ್ರಿ” ಎಂಬ ಬೋರ್ಡು ಕೌಂಟರಿನ ಮೇಲೆ, ಉದ್ರಿ ಪುಸ್ತಕ ಅದರ ಕೆಳಗೆ. ಹದಿನಾರು ವರ್ಷ ಹಾಗೇ ನಡೆಯಿತು, ಅದರ ಬಗ್ಗೆ ಹೇಳುವಂಥದ್ದು ಹೆಚ್ಚೇನೂ ಇಲ್ಲ.

2009ರ ಡಿಸೆಂಬರ್ 30ಕ್ಕೆ ಯಾದಗಿರಿ ಜಿಲ್ಲೆಯಾಯಿತು. ಬೇರೆ ಬೇರೆ ಊರುಗಳಿಂದ ನೌಕರರು ಬಂದರು. ಅವರು ಕೌಂಟರಿನ ಮುಂದೆ ನಿಂತು ಕೇಳಿ ಪಡೆಯುವವರಲ್ಲ. ಕೌಂಟರಿನ ಮೇಲೆ ಬಾಗಿ, ಹಿಂದಿನ ಕಪಾಟು ನೋಡಿ, “ಆ ಡಬ್ಬಿ ಕೊಡಿ, ಅಲ್ಲ, ಅದರ ಪಕ್ಕದ್ದು” ಎನ್ನುವವರು. ಕುತ್ತಿಗೆ ಉದ್ದ ಮಾಡುವ ಗಿರಾಕಿಗಳನ್ನು ನೋಡಿ ನೋಡಿ, ಅವರನ್ನು ಒಳಗೇ ಬಿಟ್ಟರಾಯಿತು ಅನಿಸಿತು. ಮಗಳು ಆಗ ಕಲಬುರಗಿಯಲ್ಲಿ ಎಂಬಿಎ ಓದುತ್ತಿದ್ದಳು. ಅವಳು ಹೇಳಿದ್ದು ನನಗೆ ಕಥೆಯಂತೆ ಕೇಳಿಸಿತು. ನೂರು ವರ್ಷದ ಹಿಂದೆ ಅಮೆರಿಕದಲ್ಲೂ ಅಂಗಡಿ ನಮ್ಮ ಐದು ಮೆಟ್ಟಿಲಿನ ಅಂಗಡಿಯಂತೆಯೇ ಇತ್ತಂತೆ: ಗಿರಾಕಿ ಈಚೆ, ಮಾಲು ಆಚೆ, ನಡುವೆ ಹಲಗೆ. 1916ರ ಸೆಪ್ಟೆಂಬರ್ 6ರಂದು ಮೆಂಫಿಸ್ ಎಂಬ ಊರಲ್ಲಿ ಕ್ಲಾರೆನ್ಸ್ ಸಾಂಡರ್ಸ್ ಎಂಬಾತ ಪಿಗ್ಲಿ ವಿಗ್ಲಿ ಎಂಬ ಅಂಗಡಿ ತೆರೆದ. ಗಿರಾಕಿಯ ಕೈಗೇ ಬುಟ್ಟಿ ಕೊಟ್ಟು ಒಳಗೆ ಬಿಟ್ಟ. ತಿರುಗುವ ಗೇಟಿನಿಂದ ಒಳಹೊಕ್ಕರೆ ಒಂದೇ ದಾರಿ; ಎಲ್ಲ ಕಪಾಟುಗಳ ಮುಂದೆ ಹಾದು, ಕೊನೆಗೆ ಗಲ್ಲಾದ ಮುಂದೆಯೇ ಹೊರಬೀಳಬೇಕು. ಆ ನಕ್ಷೆಗೆ ಅವನು 1917ರಲ್ಲಿ ಪೇಟೆಂಟ್ ಪಡೆದನಂತೆ. ಅಂಗಡಿಯೊಳಗೆ ನಡೆಯುವ ದಾರಿಗೂ ಹಕ್ಕುಪತ್ರ! ಕಾಕಾ ತಮ್ಮ ಗುಡ್ಡೆಗೆ ಒಂದು ಪೇಟೆಂಟ್ ತೆಗೆಸಬೇಕಿತ್ತು.

2011ರಲ್ಲಿ ಪಕ್ಕದ ಮಳಿಗೆಯನ್ನೂ ಹಿಡಿದು, ನಡುಗೋಡೆ ಒಡೆಸಿ, ಕೌಂಟರ್ ತೆಗೆಸಿದೆ. ಹೊಳೆಯುವ ಟೈಲ್ಸ್ ಹಾಕಿಸಿದೆ, ಗಾಜಿನ ಬಾಗಿಲಿಟ್ಟೆ. ಕಾಕಾನ ಮಗನೊಬ್ಬ ಟೈಲ್ಸ್ ಕೆಲಸದವನು. ನಮ್ಮ ಸೀಮೆಯ ಸಾವಿರಾರು ಜನರಂತೆ ಬೆಂಗಳೂರಿಗೆ ಗುಳೆ ಹೋಗಿ ಕಲಿತು ಬಂದವನು. ಅಲ್ಲೊಂದು ಮಾಲ್ ಕಟ್ಟುವಾಗ ಆರು ತಿಂಗಳು ಅದರ ನೆಲ ಹಾಸಿದ್ದ. ಅದು ತೆರೆದ ಮೇಲೆ ಹೆಂಡತಿಗೆ ತೋರಿಸಲು ಹೋದರೆ ಬಾಗಿಲಲ್ಲಿ ನಿಂತವನು ಮೇಲಿಂದ ಕೆಳಗೆ ನೋಡಿ ಏನು ಕೆಲಸ ಎಂದು ಕೇಳಿದನಂತೆ. “ನೆಲ ನಂದ ಅದ ಅನ್ಬೇಕಂದೆ ಅಣ್ಣಾ, ಬಾಯಿ ಬರ್ಲಿಲ್ಲ” ಎಂದು ನಮ್ಮ ಅಂಗಡಿಯ ಟೈಲ್ಸ್ ಒರೆಸುತ್ತ ನಕ್ಕ. ನಾನೂ ನಕ್ಕೆ. ಆಗ ಅದರ ಅರ್ಥ ನನಗೆ ಪೂರ್ತಿ ಹತ್ತಿರಲಿಲ್ಲ.

ಅಂಗಡಿ ತೆರೆದ ಮೊದಲ ವಾರ ಹಳ್ಳಿಯ ಗಿರಾಕಿಗಳು ಗಾಜಿನ ಬಾಗಿಲವರೆಗೆ ಬಂದು, ಒಳಗೆ ಇಣುಕಿ, ತಿರುಗಿ ಹೋದರು. ಕೆಲವರು ಬಾಗಿಲಲ್ಲೇ ನಿಂತು, “ಅರ್ಧ ಕಿಲೊ ಬ್ಯಾಳಿ ಕೊಡ್ರಿ” ಎಂದು ಕೂಗಿದರು. ಒಳಗೆ ಬರ್ರಿ, ನೀವೇ ತಗೋರಿ ಎಂದರೆ ನಾಚಿಕೊಂಡರು. ಎಂಟನೆಯ ದಿನ ಬಾಗಿಲ ಹೊರಗೆ ಏಳು ಜೊತೆ ಚಪ್ಪಲಿ ಕಂಡೆ. ವಡಗೇರಾ ಕಡೆಯ ರೈತರು, ಬರಿಗಾಲಲ್ಲಿ, ಹೊಸ ಟೈಲ್ಸಿನ ಮೇಲೆ ಜಾರದಂತೆ ಬೆರಳೂರಿ, ಕೈಗಳನ್ನು ಹಿಂದಕ್ಕೆ ಕಟ್ಟಿಕೊಂಡು ಕಪಾಟುಗಳ ನಡುವೆ ನಡೆಯುತ್ತಿದ್ದರು. ಗುಡಿಯಲ್ಲಿ ನಡೆಯುವ ಹಾಗೆ. ಒಂದನ್ನೂ ಮುಟ್ಟಲಿಲ್ಲ. ಹೊರಗೆ ಹೋಗುವಾಗ ಒಬ್ಬರು, “ಭಾಳ ಛಂದ ಮಾಡೀರಿ ನೋಡ್ರಿ” ಎಂದು ಹೊಗಳಿ, ಪಕ್ಕದ ಓಣಿಯ ಹಳೆ ಕಿರಾಣಿಯಲ್ಲಿ ಸಂತೆ ಮಾಡಿಕೊಂಡು ಹೋದರು.

ಅಂಗಡಿ ಅಂದವಾದಷ್ಟೂ ಗಿರಾಕಿ ದೂರವಾಗಬಹುದು ಎಂಬುದನ್ನು ನಾನು ಲಕ್ಷಗಟ್ಟಲೆ ಸಾಲ ಮಾಡಿ ಕಲಿತೆ. ಬೇಳೆಯದೂ ಅದೇ ಕಥೆ. ಪಾಕೀಟಿನಲ್ಲಿ ಕಟ್ಟಿ ಸಾಲಾಗಿ ಜೋಡಿಸಿದ್ದೆ. ಇದು ತೊಗರಿಯ ನಾಡು. ಇಲ್ಲಿ ಬೇಳೆಯನ್ನು ಕಣ್ಣಿನಿಂದ ಯಾರೂ ಕೊಳ್ಳುವುದಿಲ್ಲ. ಮುಷ್ಟಿಯಲ್ಲಿ ಹಿಡಿದು, ಬೆರಳಲ್ಲಿ ತಿಕ್ಕಿ, ಒಂದನ್ನು ಹಲ್ಲಲ್ಲಿ ಕಡಿದು, ಇನ್ನೂ ಹಸಿ ಅದ ಎಂದೋ ಕುದಿಯಂಗಿಲ್ಲ ಎಂದೋ ತೀರ್ಪು ಕೊಡುವವರು. ಪಾಕೀಟನ್ನು ಹೇಗೆ ಕಡಿಯುವುದು? ಬಿಗ್ ಬಜಾರ್ ಕಟ್ಟಿದ ಕಿಶೋರ್ ಬಿಯಾನಿಯವರು ಬೇಕೆಂದೇ ಅಂಗಡಿಯನ್ನು ಸಂತೆಯಂತೆ ಗಿಜಿಗುಡಿಸಿ, ಕಾಳುಗಳನ್ನು ತೆರೆದಿಟ್ಟು ಜನ ಕೈ ಹಾಕುವಂತೆ ಮಾಡಿದ್ದರೆಂದು ಮಗಳು ಹೇಳಿದಾಗ, ಇದನ್ನು ನನಗೆ ನಮ್ಮ ಅವ್ವನೇ ಹೇಳಬಹುದಿತ್ತಲ್ಲ ಅನಿಸಿತು. ಮರುವಾರವೇ ಬಾಗಿಲ ಒಳಗೆ, ಎಡಕ್ಕೆ, ಬಾಯಿ ಮಡಚಿದ ಗೋಣಿಚೀಲಗಳು ಬಂದವು. ಟೈಲ್ಸಿನ ಮೇಲೆ ನಡೆಯುವ ದಾರಿಗೆ ಒರಟು ಪರಸಿ ಹಾಸಿಸಿದೆ. ಕಾಕಾನ ಮಗ ಬಂದು ತಾನು ಹಾಸಿದ್ದನ್ನು ತಾನೇ ಮುಚ್ಚಿದ. ಬಲಕ್ಕೆ ಒಂದು ಬೆಂಚು, ಪಕ್ಕದಲ್ಲಿ ನೀರಿನ ಮಡಕೆ. ಬೆಂಚಿನ ಮೇಲೆ ಕೂತು, “ಇಷ್ಟು ಬ್ಯಾಳಿ, ಇಷ್ಟು ಸಕ್ಕರಿ” ಎಂದು ಹೇಳಿದವರಿಗೆ ಹುಡುಗ ತಂದುಕೊಡುತ್ತಾನೆ. ಒಳಗೆ ಸುತ್ತುವವರು ಸುತ್ತುತ್ತಾರೆ.

ಮಗಳು ತಂದ ಪುಸ್ತಕಗಳಲ್ಲಿ ಪ್ಯಾಕೊ ಅಂಡರ್‌ಹಿಲ್ ಎಂಬವರದೊಂದಿತ್ತು, 1999ರಲ್ಲಿ ಬಂದದ್ದು. ಅಂಗಡಿಗಳಲ್ಲಿ ಗಿರಾಕಿಗಳ ಹಿಂದೆ ತಿರುಗಿ, ಅವರು ಎಲ್ಲಿ ನಿಂತರು, ಎಲ್ಲಿ ಮುಖ ತಿರುಗಿಸಿದರು ಎಂದು ಬರೆದುಕೊಂಡು ಮಾಡಿದ ಪುಸ್ತಕ. ಬಾಗಿಲು ದಾಟಿದ ಮೊದಲ ಕೆಲವು ಹೆಜ್ಜೆಗಳಲ್ಲಿ ಗಿರಾಕಿಗೆ ಏನೂ ಕಾಣುವುದಿಲ್ಲ, ಅಲ್ಲಿಟ್ಟ ಮಾಲು ಹೋಗುವುದಿಲ್ಲ ಎಂದು ಅವರು ಬರೆದಿದ್ದಾರೆ. ಮೊದಲ ಕಣ್ಣು ಬರ್ಲಿ ತಡಿ! ಇಕ್ಕಟ್ಟಿನಲ್ಲಿ ಹಿಂದಿನಿಂದ ಯಾರಾದರೂ ತಾಗಿದರೆ ಹೆಂಗಸರು ಕೈಯಲ್ಲಿದ್ದದ್ದನ್ನು ಬಿಟ್ಟು ಹೊರಟುಬಿಡುತ್ತಾರೆಂದೂ ಇದೆ. ಬೆನ್ನಿಗೆ ಗ್ವಾಡಿ! ಮಗಳು ಓದಿ ಹೇಳುತ್ತಿದ್ದರೆ ನಾನು ಶಹಾಪುರದ ಗಾದಿಯ ಮೇಲೆ ಕೂತಿದ್ದೆ. ಕಾಕಾ ತೀರಿಕೊಂಡು ಆಗಲೇ ಕೆಲವು ವರ್ಷ. ಅಷ್ಟೆಲ್ಲ ಗೊತ್ತಿದ್ದ ಮನುಷ್ಯನಿಗೆ ಜಮಖಾನದ ತಪ್ಪು ಗೊತ್ತಾಗಲು ಒಬ್ಬ ಗಿರಾಕಿ ಮೆಟ್ಟಿಲಿಳಿದು ಹೋಗಬೇಕಾಯಿತು.

ನನಗೂ ಹಾಗೇ ಆಯಿತು. ಅಂಗಡಿ ತೆರೆದಿಟ್ಟ ಮೇಲೆ ಸಣ್ಣಪುಟ್ಟ ಕಳವು ಇದ್ದದ್ದೇ. ಸೋಪು, ಎಣ್ಣೆ ಪಾಕೀಟು. ಹುಡುಗನಿಗೆ, “ಹೊಸಬರ ಮ್ಯಾಲ ಒಂದು ಕಣ್ಣಿರ್ಲಿ” ಎಂದಿದ್ದೆ. ಅಷ್ಟೇ ಅಂದದ್ದು. ಒಂದು ಮಧ್ಯಾಹ್ನ ತಾಂಡಾದ ಹೆಣ್ಣುಮಗಳೊಬ್ಬಳು, ಲಂಬಾಣಿ ಉಡುಪಿನಲ್ಲಿ, ಬುಟ್ಟಿ ಹಿಡಿದು ಸುತ್ತುತ್ತಿದ್ದಳು. ಹುಡುಗ ಅವಳ ಹಿಂದೆ ಎರಡು ಮಾರಿನ ದೂರದಲ್ಲಿ ಸುತ್ತುತ್ತಿದ್ದ. ಅವಳು ನಿಂತರೆ ನಿಲ್ಲುವುದು, ನಡೆದರೆ ನಡೆಯುವುದು. ಅವಳು ಬುಟ್ಟಿಯನ್ನು ನನ್ನ ಮುಂದೆ ಇಟ್ಟು ಕೇಳಿದಳು: “ಅಣ್ಣಾ, ನಾ ಸಕ್ಕರಿ ಹುಡುಕಾಕತ್ತೀನಿ. ಈ ಹುಡುಗ ನನ್ನ ಹಿಂದ ಏನ್ ಹುಡುಕಾಕತ್ಯಾನ?”

ನನ್ನಲ್ಲಿ ಉತ್ತರವಿರಲಿಲ್ಲ. ಆ ದಿನ ಬೆಳಗ್ಗೆಯಿಂದ ಎಷ್ಟು ಜನ ಹೊಸಬರು ಬಂದಿದ್ದರು! ಕಚೇರಿಯ ಸಾಹೇಬರು, ಬ್ಯಾಂಕಿನವರು, ಹೈದರಾಬಾದಿನಿಂದ ಬಂದ ನೆಂಟರು. ಅವರಲ್ಲಿ ಒಬ್ಬರ ಹಿಂದೆಯೂ ಹುಡುಗ ಹೋಗಿರಲಿಲ್ಲ. ಯಾರ ಹಿಂದೆ ಹೋಗಬೇಕೆಂದು ನಾನು ಹೇಳಿಕೊಟ್ಟಿರಲಿಲ್ಲ, ಯಾವ ಮೆಟ್ಟಿಲ ಮೇಲೆ ನಿಲ್ಲಬೇಕೆಂದು ಅಪ್ಪ ನನಗೆ ಹೇಳಿಕೊಡದಿದ್ದ ಹಾಗೆಯೇ. ಕೌಂಟರ್ ಕಿತ್ತಿದ್ದೆ, ಕಟ್ಟೆ ನೆಲಸಮ ಮಾಡಿಸಿದ್ದೆ. ಅಂಗಡಿಯ ತುಂಬ ಕಟ್ಟೆ ಹಾಗೇ ಇತ್ತು. ಅವಳು ಸಕ್ಕರೆ ತೆಗೆದುಕೊಳ್ಳಲಿಲ್ಲ. ಹುಡುಗನನ್ನು ಬೈಯಲು ನನಗೆ ಮುಖವಿರಲಿಲ್ಲ. ಮರುದಿನದಿಂದ ಅವನ ಜಾಗ ಗೋಣಿಚೀಲಗಳ ಪಕ್ಕ, ಬಂದವರಿಗೆಲ್ಲ ಬುಟ್ಟಿ ಕೊಡುವುದು ಅವನ ಕೆಲಸ ಎಂದು ಬದಲಾಯಿಸಿದೆ. ಕಳವು ಪೂರ್ತಿ ನಿಲ್ಲಲಿಲ್ಲ. ಅದನ್ನು ಖರ್ಚಿನಲ್ಲಿ ಬರೆಯುತ್ತೇನೆ.

2020ರ ಮಾರ್ಚಿನಲ್ಲಿ ಲಾಕ್‌ಡೌನ್ ಆದಾಗ ಅಂಗಡಿ ಮತ್ತೆ ಮೂವತ್ತು ವರ್ಷ ಹಿಂದಕ್ಕೆ ಹೋಯಿತು. ಬಾಗಿಲಿಗೆ ಅಡ್ಡ ಮೇಜು, ಮೇಜಿಗೆ ಹಗ್ಗ. ರಸ್ತೆಯ ಮೇಲೆ ಸುಣ್ಣದಿಂದ ಒಂದೊಂದು ಮೀಟರಿಗೆ ಒಂದು ವೃತ್ತ ಹಾಕಿದೆವು. ಗುಳೆ ಹೋದವರು ಬೆಂಗಳೂರು, ಮುಂಬೈ, ಪುಣೆಗಳಿಂದ ಊರಿಗೆ ಮರಳುತ್ತಿದ್ದ ದಿನಗಳು. ವೃತ್ತಗಳಲ್ಲಿ ಅವರೂ ನಿಂತರು, ಸಾಹೇಬರೂ ನಿಂತರು. ಎಲ್ಲರೂ ಒಂದೇ ರಸ್ತೆಯ ಮೇಲೆ, ಒಂದೇ ಎತ್ತರದಲ್ಲಿ, ಯಾರನ್ನೂ ಯಾರೂ ಮುಟ್ಟದಂತೆ. ಮುಟ್ಟಬಾರದೆಂಬ ಮಾತನ್ನು ಎಲ್ಲರೂ ಒಟ್ಟಿಗೆ ಪಾಲಿಸಿದ್ದನ್ನು ನಾನು ಕಂಡದ್ದು ಅದೇ ಮೊದಲು. ನನಗೆ ನಗುವೂ ಬಂತು, ಸಿಟ್ಟೂ ಬಂತು. ವೃತ್ತದಲ್ಲಿ ನಿಂತಿದ್ದ ಹಿರಿಯ ಸಾಹೇಬರೊಬ್ಬರು, “ಎಷ್ಟು ಹೊತ್ತು ಬಿಸಿಲಲ್ಲಿ ನಿಲ್ಲೋದು, ಸ್ವಲ್ಪ ಬೇಗ ಕೊಡಿ” ಎಂದರು. ಅವರ ಹಿಂದಿನ ವೃತ್ತದಲ್ಲಿದ್ದ ಹೆಣ್ಣುಮಗಳು ಏನೂ ಅನ್ನಲಿಲ್ಲ.

ಈಗ ಮಗಳು ಅಳಿಯ ಅಂಗಡಿ ನೋಡಿಕೊಳ್ಳುತ್ತಾರೆ. ಕ್ಯಾಮರಾ ಬಂದಿದೆ, ಫೋನಿನಲ್ಲಿ ದುಡ್ಡು ಬರುತ್ತದೆ. ಬಾಗಿಲಿಗೆ ಇಳಿಜಾರು ಹಾಕಿಸಿದ್ದೇನೆ, ಗಾಲಿಕುರ್ಚಿಯವರಿಗೆಂದು. ಹೆಚ್ಚು ಉಪಯೋಗಿಸುವವನು ನಾನೇ, ಮೊಣಕಾಲು ಹೋಗಿದೆ. ಸುರಪುರಕ್ಕೆ ಹೋದಾಗ ಆ ಐದು ಮೆಟ್ಟಿಲನ್ನು ನೋಡಿ ಬಂದೆ. ಅಂಗಡಿ ಮೊಬೈಲಿನದಾಗಿದೆ, ಮೆಟ್ಟಿಲು ಕಲ್ಲಿನವು ಹಾಗೇ ಇವೆ. ಐದನ್ನೂ ಹತ್ತಿ ಒಂದು ಚಾರ್ಜರ್ ಕೊಂಡೆ. ಬೇಕಿರಲಿಲ್ಲ.

ಬಲಗಡೆಯ ಬೆಂಚು ನನ್ನ ಜಾಗ. ವಡಗೇರಾದ ಆ ರೈತರಲ್ಲಿ ಒಬ್ಬರು ಇನ್ನೂ ಬರುತ್ತಾರೆ, ತಿಂಗಳಿಗೊಮ್ಮೆ. ಪಕ್ಕದಲ್ಲಿ ಕೂತು ನೀರು ಕುಡಿದು, ಬೇಳೆ ಕಡಿದು ನೋಡಿ, ನನ್ನನ್ನು ಬೈದು ಆಮೇಲೆ ತೆಗೆದುಕೊಳ್ಳುತ್ತಾರೆ. ಚಪ್ಪಲಿ ಮಾತ್ರ ಈಗಲೂ ಹೊರಗೇ ಬಿಡುತ್ತಾರೆ. ಹಾಕ್ಕೊಂಡ ಬರ್ರಿ ಎಂದು ಹೇಳಿ ಹೇಳಿ ಬಿಟ್ಟಿದ್ದೇನೆ. ಅವರು ಒಳಗಿರುವಾಗ ಬಿಸಿಲು ಬಾಗಿಲಿಗೆ ಬಂದರೆ, ನಾನೇ ಎದ್ದು ಹೋಗಿ ಅವನ್ನು ನೆರಳಿಗೆ ಸರಿಸಿ ಬರುತ್ತೇನೆ.